ಬನ್ನಿಯ ಮರ ಮತ್ತು ವಿರಾಟಪರ್ವದ ವಾಚನ

ಮೈಸೂರು ನಗರದ ಉತ್ತರಭಾಗದಲ್ಲಿರುವ ಬನ್ನಿಮಂಟಪವು ವಿಜಯದಶಮಿಯ ಮೆರವಣಿಗೆಯ ಕೊನೆಯ ನೆಲೆಯೆಂಬುದು ಸರ್ವವಿದಿತವಾದ ಸಂಗತಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ನವರಾತ್ರಿಯ ಉತ್ಸವವು ಮುಂದೆ ಮೈಸೂರಿಗೆ ಬಂದು ನೆಲೆಸಿತು. ಅರಮನೆಯಿಂದ ಹೊರಟ ಅರಸರು ಇಲ್ಲಿಗೆ ಬಂದು ಬನ್ನಿಯ ವೃಕ್ಷವನ್ನು ಪೂಜಿಸುವ ಪದ್ಧತಿಯೂ ಬೆಳೆದುಬಂದಿತು. ಈಗ ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿಯ ವಿಗ್ರಹವು ಸಾಗುತ್ತದೆ. ಈ ಉತ್ಸವದ ರಾಜಕೀಯ ಅರ್ಥವನ್ನು ಇತಿಹಾಸಕಾರರು ಸಾಕಷ್ಟು ವಿವೇಚಿಸಿದ್ದಾರೆ. ಆದರೆ ಇಷ್ಟೆಲ್ಲ ವೈಭವವೂ ಹೋಗಿ ಮುಟ್ಟುವುದು ಒಂದು ಮರದ ಬುಡವನ್ನು ಎಂಬ ವಿಷಯಕ್ಕೆ ತಕ್ಕಷ್ಟು ಗಮನ ದೊರೆತಂತೆ ಕಾಣುವುದಿಲ್ಲ. ಆ ಮರಕ್ಕೆ ಈ ಗೌರವವು ಎಲ್ಲಿಂದ ಬಂದಿತು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಗೌರವದ ಮುಖ್ಯ ಮೂಲಗಳಲ್ಲೊಂದು ಕಾವ್ಯ. ಮಹಾಭಾರತದ ವಿರಾಟಪರ್ವದಲ್ಲಿ ಪಾಂಡವರು ಅಜ್ಞಾತವಾಸಕ್ಕೆ ಕಾಲಿಡುವ ಮುನ್ನ ತಮ್ಮ ಆಯುಧಗಳನ್ನು ಸ್ಮಶಾನದ ಬಳಿಯ ಶಮೀವೃಕ್ಷದಲ್ಲಿ ಅಡಗಿಸುತ್ತಾರೆ. ವರ್ಷ ತುಂಬುವ ವೇಳೆಗೆ ಅರ್ಜುನನ ಮಾತಿನಂತೆ ಉತ್ತರಕುಮಾರನು ಮರವನ್ನೇರಿ ಅವನ್ನು ಕೆಳಗಿಳಿಸುತ್ತಾನೆ. ರಾಜ್ಯ, ಹೆಸರು, ವೇಷ ಎಲ್ಲವನ್ನೂ ಕಳೆದುಕೊಂಡವರು ತಮ್ಮ ಭರವಸೆಯನ್ನು ಒಪ್ಪಿಸಿದುದು ಯಾವ ಮಿತ್ರರಾಜನ ಕೋಟೆಗೂ ಅಲ್ಲ, ಊರ ಹೊರಗಿನ ಒಂದು ಮುಳ್ಳುಮರಕ್ಕೆ. ಮರವು ಆ ನಂಬಿಕೆಯನ್ನು ಉಳಿಸಿಕೊಟ್ಟಿತು. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಹೊನ್ನೆಂದು ಹಂಚಿಕೊಳ್ಳುವ ಜನರು ಈ ಕಥೆಯನ್ನೇ ಸ್ಮರಿಸುತ್ತಾರೆ.

ಕಾವ್ಯವು ಆರಿಸಿಕೊಂಡ ಮರವೂ ಸಾಮಾನ್ಯವಾದುದಲ್ಲ. ಸಸ್ಯಶಾಸ್ತ್ರಜ್ಞರು ಪ್ರೊಸೋಪಿಸ್ ಸಿನರೇರಿಯ ಎಂದು ಕರೆಯುವ ಮರವನ್ನೇ ಶಮಿಯೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ನಮ್ಮ ನಾಡಿನ ಕೆಲವೆಡೆ ಬೇರೆ ಮರಗಳಿಗೂ ಬನ್ನಿಯೆಂಬ ಹೆಸರುಂಟು. ಈ ಮರದ ಬೇರು ಬಹಳ ಆಳಕ್ಕಿಳಿಯುವುದರಿಂದ ಬರಗಾಲದಲ್ಲಿಯೂ ಅದು ಹಸಿರಾಗಿರುತ್ತದೆ. ಅದರ ಸೊಪ್ಪು ದನಕರುಗಳಿಗೆ ಮೇವಾಗುತ್ತದೆ, ಅದು ನಿಂತ ನೆಲದ ಸಾರವೂ ಹೆಚ್ಚುತ್ತದೆ. ರಾಜಸ್ಥಾನದಲ್ಲಿ ಇದನ್ನೇ ಖೇಜಡಿ ಎನ್ನುತ್ತಾರೆ. 1730ರಲ್ಲಿ ಜೋಧಪುರದ ಅರಸನ ಕಡೆಯವರು ಖೇಜಡಲಿ ಗ್ರಾಮದಲ್ಲಿ ಈ ಮರಗಳನ್ನು ಕಡಿಯಲು ಬಂದಾಗ, ಅಮೃತಾದೇವಿಯೇ ಮೊದಲಾಗಿ 363 ಮಂದಿ ಬಿಷ್ಣೋಯಿ ಸಮುದಾಯದವರು ಮರಗಳನ್ನಪ್ಪಿ ಪ್ರಾಣ ಕೊಟ್ಟರೆಂದು ಆ ನಾಡಿನ ಪರಂಪರೆ ಹೇಳುತ್ತದೆ. ಹಸಿಯ ಮರವನ್ನು ಕಡಿಯಬಾರದೆಂಬುದು ಅವರ ಗುರು ಜಾಂಭೋಜಿಯವರ 29 ನಿಯಮಗಳಲ್ಲಿ ಒಂದು. ತಲೆಮಾರುಗಳಿಂದ ಕೇಳಿ ಮನನ ಮಾಡಿದ ಮಾತು ಅಲ್ಲಿ ಕೃತಿಯಾಯಿತು.

ನಮ್ಮಲ್ಲಿ ಇದಕ್ಕೆ ಹತ್ತಿರವಾದ ಇನ್ನೊಂದು ಪದ್ಧತಿಯಿದೆ. ಮಳೆ ತಡವಾದ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸುವುದು ಕನ್ನಡನಾಡಿನ ಹಳ್ಳಿಗಳ ಹಳೆಯ ರೂಢಿ. ಗದುಗಿನ ಕುಮಾರವ್ಯಾಸನ ಭಾರತವನ್ನು ಗಮಕಿಗಳು ರಾಗವಾಗಿ ವಾಚಿಸುವರು, ವ್ಯಾಖ್ಯಾನಕಾರರು ಅರ್ಥ ಹೇಳುವರು, ಅಕ್ಷರ ಬಾರದವರೂ ಕುಳಿತು ಕೇಳುವರು. ಮಳೆಗಾಗಿ ಈ ಪರ್ವವೇ ಏಕೆ? ವ್ಯಾಸಭಾರತದ ಒಂದು ಸಂದರ್ಭವು ಇದಕ್ಕೆ ಉತ್ತರವನ್ನು ಸೂಚಿಸುತ್ತದೆಂದು ನಾವು ಭಾವಿಸುತ್ತೇವೆ. ದುರ್ಯೋಧನನ ಗೂಢಚಾರರು ಪಾಂಡವರ ಸುಳಿವು ಸಿಗದೆ ಹಿಂದಿರುಗುತ್ತಾರೆ. ಆಗ ಭೀಷ್ಮನು, ಯುಧಿಷ್ಠಿರನಿರುವ ನಾಡಿನಲ್ಲಿ ಮಳೆ ಕಾಲಕಾಲಕ್ಕೆ ಸುರಿಯುವುದು, ಪೈರು ಸಮೃದ್ಧವಾಗುವುದು, ಹಸುಗಳು ಪುಷ್ಟವಾಗಿರುವುವು, ಜನರು ಸತ್ಯವಂತರಾಗಿರುವರು ಎಂಬ ಅಭಿಪ್ರಾಯವನ್ನು ಹೇಳುತ್ತಾನೆ. ಇಲ್ಲಿ ಮಳೆಯು ಧರ್ಮದ ಗುರುತು. ಆದುದರಿಂದ ಈ ಪರ್ವವನ್ನು ಓದಿಸುವುದು ಮೋಡವನ್ನು ಬೇಡುವುದಷ್ಟೇ ಅಲ್ಲ. ನಮ್ಮ ಊರಿನಲ್ಲಿ ನ್ಯಾಯ ಉಳಿದಿದೆಯೇ ಎಂದು ಕೇಳಿಕೊಳ್ಳುವುದೂ ಆಗುತ್ತದೆ.

ಓದಿನಿಂದ ಮಳೆ ಬರುವುದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಬರುವುದಿಲ್ಲ. ಬರದ ಭೀಕರತೆಯನ್ನು ಮರೆಯುವಂತೆಯೂ ಇಲ್ಲ. 1876-78ರ ಕ್ಷಾಮದ ಪರಿಣಾಮವಾಗಿ, 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷದ ಒಳಗೆ ಇಳಿಯಿತು. ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಿತು. ಮಳೆ ತಪ್ಪಿದುದು ನಿಸರ್ಗದಿಂದ. ಆದರೆ ಧಾನ್ಯದ ಬೆಲೆ ಕೈಗೆಟುಕದಂತಾದುದೂ ಪರಿಹಾರವು ಸಾಲದೆ ಹೋದುದೂ ಮನುಷ್ಯರಿಂದ. ಭೀಷ್ಮನ ಮಾತನ್ನು ಹವಾಮಾನದ ಸೂತ್ರವೆಂದು ತಿಳಿದರೆ ಅದು ಸುಳ್ಳಾಗುತ್ತದೆ. ನೆಲದ ಸ್ಥಿತಿಗೂ ಆಳುವವರ ನಡತೆಗೂ ಸಂಬಂಧವುಂಟೆಂದು ತಿಳಿದರೆ ಅದು ಇತಿಹಾಸಕ್ಕೆ ಒಪ್ಪುತ್ತದೆ. ಬರದ ವರ್ಷದಲ್ಲಿ ಒಂದೆಡೆ ಸೇರಿ ಅಂಥ ಮಾತನ್ನು ಕೇಳಿದ ಜನರು ಹತಾಶೆಗೆ ಪೂರ್ತಿಯಾಗಿ ಒಳಗಾಗಲಿಲ್ಲವೆಂಬುದೂ ಸಣ್ಣ ಫಲವಲ್ಲ.

ಕಾವ್ಯದ ಪ್ರೀತಿಯು ಕಾಡನ್ನು ಉಳಿಸಿದ್ದುಂಟೇ? ಹತ್ತನೆಯ ಶತಮಾನದಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಬನವಾಸಿಯ ತೋಟಗಳಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟುವುದೇ ಸಾರ್ಥಕವೆಂಬ ಆಸೆಯನ್ನು ತೋಡಿಕೊಂಡನು. ಆ ಬನವಾಸಿಯಿರುವ ಶಿರಸಿ ತಾಲ್ಲೂಕಿನಲ್ಲಿಯೇ 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನರು ಕಳಸೆಯ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಪ್ಪಿಕೊ ಚಳವಳಿ ಹುಟ್ಟಿದುದು ಹೀಗೆ. ಪಂಪನಿಂದ ಅದು ಹುಟ್ಟಿತೆನ್ನಲು ಆಧಾರವಿಲ್ಲ. ಹಿಮಾಲಯದ ತಪ್ಪಲಿನ ಚಿಪ್ಕೊ ಚಳವಳಿಯೇ ಅದಕ್ಕೆ ನೇರವಾದ ಪ್ರೇರಣೆ. ಆದರೂ ಕಾರ್ಯಕರ್ತರು ಊರೂರಿಗೆ ವಿಷಯ ಮುಟ್ಟಿಸಲು ಪಾದಯಾತ್ರೆಯ ಜೊತೆಗೆ ಜನಪದ ಕಲೆ, ಬೀದಿನಾಟಕಗಳನ್ನು ಆಶ್ರಯಿಸಿದರೆಂಬುದು ಗಮನಾರ್ಹ. 1943ರಲ್ಲಿ ಬೆಟ್ಟದ ಜೀವವನ್ನು ಪ್ರಕಟಿಸಿದ ಶಿವರಾಮ ಕಾರಂತರು 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಅವರು ಸೋತರು, ಸ್ಥಾವರವೂ ನಿರ್ಮಾಣವಾಯಿತು. ಆದರೆ ಪುಟದಲ್ಲಿ ಬರೆದುದಕ್ಕೆ ಬಾಳಿನಲ್ಲಿ ಹೊಣೆಯಾಗುವುದೆಂದರೇನೆಂಬುದಕ್ಕೆ ಅದೊಂದು ನಿದರ್ಶನ.

ಓದಿದವರೇ ನೆಲವನ್ನು ಕಾಯುವರೆಂದು ಹೆಮ್ಮೆಪಡುವುದೂ ಸಲ್ಲದು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೂ ಕುದೂರಿಗೂ ನಡುವೆ ನೂರಾರು ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇತ್ತ ನಮ್ಮ ಕಾಲೇಜುಗಳಲ್ಲಿ ವಿರಾಟಪರ್ವವನ್ನು ಓದಿ ಉತ್ತೀರ್ಣರಾದವರಲ್ಲಿ ಬನ್ನಿಯ ಮರವನ್ನು ಕಂಡು ಗುರುತಿಸಬಲ್ಲವರೆಷ್ಟು ಮಂದಿ? ವರ್ಷಕ್ಕೊಮ್ಮೆ ಪೂಜಿಸಿ, ಉಳಿದ ದಿನಗಳಲ್ಲಿ ಮರೆತರೆ ಆಚಾರವು ಉಳಿದು ಅರ್ಥವು ಅಳಿಯುತ್ತದೆ. ಎಲೆಗಾಗಿ ಕೊಂಬೆಯನ್ನೇ ಮುರಿದರೆ ಕಥೆಗೇ ಅಪಚಾರವಾಗುತ್ತದೆ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮ ಸೂಚನೆಯಿಷ್ಟೆ. ವಿರಾಟಪರ್ವವನ್ನು ಪಾಠ ಹೇಳುವಾಗ ಕೀಚಕವಧೆ, ಗೋಗ್ರಹಣಗಳ ಜೊತೆಗೆ ಭೀಷ್ಮನ ಆ ಮಾತನ್ನೂ ಚರ್ಚೆಗೆ ತರಬೇಕು; ವಿದ್ಯಾರ್ಥಿಗಳನ್ನು ಒಂದು ಬನ್ನಿಯ ಮರದ ಬಳಿಗೆ ಕರೆದೊಯ್ಯಬೇಕು. ಕಷ್ಟಕಾಲದಲ್ಲಿ ಭರವಸೆಯನ್ನು ಇರಿಸಲು ತಕ್ಕ ಸ್ಥಳ ಯಾವುದೆಂದು ಆ ಕಾವ್ಯ ತೋರಿಸಿಕೊಟ್ಟಿದೆ. ಆ ಸ್ಥಳವನ್ನು ಉಳಿಸಿಕೊಳ್ಳುವ ಕೆಲಸ ಓದುಗರದು.