25ರಲ್ಲಿ ಮತ್ತೆ ಶಿಷ್ಯ: ಮಲ್ಲಿಕಾರ್ಜುನ ಮನ್ಸೂರರ ದಿಕ್ಕು ಬದಲಿಸಿದ ವರ್ಷಗಳು

ಇವತ್ತಿನ ಮಾತು ಶುರುವಾಗಿದ್ದು ಪುಣೆಯ ಒಂದು ಚಹಾ ಅಂಗಡಿಯಲ್ಲಿ.

ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ಇದ್ದಾನೆ. ಹಿಂಜವಡಿಯಲ್ಲಿ ಕೆಲಸ, ವಯಸ್ಸು 34. ಹೋದ ತಿಂಗಳು ಸಿಕ್ಕಾಗ ಹೇಳಿದ: "ಏನೂ ಕಮ್ಮಿ ಇಲ್ಲಪಾ. ಪಗಾರ ಬರತದ, ಮನಿ ಇಎಮ್‌ಐ ಕಟ್ಟಾಗ್ತದ. ಆದ್ರ ಎಲ್ಲಿಗೆ ಹೊಂಟೀನಿ ಅನ್ನೋದ ತಿಳೀವಲ್ದು." ಇನ್ನೂ ಸ್ವಲ್ಪ ಕೆದಕಿದಾಗ ನಿಜವಾದ ಸಂಗತಿ ಹೊರಗೆ ಬಂತು. ಅವನ ಕಂಪನಿಯಲ್ಲೇ ಇನ್ನೊಂದು ತಂಡ ಮಾಡುವ ಕೆಲಸ ನೋಡಿದರೆ ಇವನಿಗೆ ಹೊಟ್ಟೆಯಲ್ಲಿ ಏನೋ ಆಗುತ್ತದಂತೆ. ಅಲ್ಲಿಗೆ ಹೋಗಬಹುದು, ಆದರೆ ಹುದ್ದೆ ಒಂದು ಮೆಟ್ಟಿಲು ಕೆಳಗೆ. ತನಗಿಂತ ಚಿಕ್ಕವರ ಪಕ್ಕ ಕೂತು ಮೊದಲಿನಿಂದ ಕಲಿಯಬೇಕು. "ಈ ವಯಸ್ಸಿನ್ಯಾಗ ಮತ್ತ ಅ ಆ ಇ ಈ ಏನು?" ಅಂದ.

ನಾನು ಸಲಹೆ ಕೊಡುವವನಲ್ಲ, ಇತಿಹಾಸ ಹೇಳುವವನು. ಹಾಗಾಗಿ ಅವನ ಜಿಲ್ಲೆಯವರೇ ಆದ ಒಬ್ಬರ ಕಥೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮಲ್ಲಿಕಾರ್ಜುನ ಮನ್ಸೂರ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಟೋಪಿ ಹಾಕಿದ ಆ ಹಿರಿಯ ಜೀವ. ಅವರು ಹುಟ್ಟುವಾಗಲೇ ಹಾಗಿದ್ದರೇನೋ ಅನ್ನುವಷ್ಟು ಆ ಚಿತ್ರ ಗಟ್ಟಿಯಾಗಿ ಕೂತಿದೆ. ಆದರೆ 1930ರ ದಶಕದ ಯುವಕ ಮನ್ಸೂರರನ್ನು ನೋಡಿ. ಧಾರವಾಡದ ಹತ್ತಿರದ ಮನಸೂರು ಗ್ರಾಮದಲ್ಲಿ 1910ರಲ್ಲಿ ಹುಟ್ಟಿದ ಹುಡುಗ. ಅಣ್ಣ ಬಸವರಾಜರ ನಾಟಕ ಕಂಪನಿ ಇತ್ತು. ಒಂಬತ್ತನೇ ವಯಸ್ಸಿಗೇ ಬಣ್ಣ ಹಚ್ಚಿದರು. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ. ಆಮೇಲೆ ಇವರ ಕಂಠ ಮೆಚ್ಚಿದ ನೀಲಕಂಠಬುವಾ ಆಲೂರಮಠರು ಮಿರಜಿಗೆ ಕರೆದುಕೊಂಡು ಹೋಗಿ ಗ್ವಾಲಿಯರ್ ಘರಾಣೆಯ ಪಾಠ ಹೇಳಿದರು. ಅಲ್ಲಿ ಆರು ವರ್ಷದ ಹತ್ತಿರ ಕಲಿತರು.

ಹೊರಬಂದಾಗ ಕೈಯಲ್ಲಿ ವಿದ್ಯೆ ಇತ್ತು. ಎಚ್‌ಎಂವಿ ಕಂಪನಿ ಅವರ ಗ್ರಾಮಫೋನ್ ತಟ್ಟೆಗಳನ್ನು ತಂದಿತು. ಆ ಕಾಲದಲ್ಲಿ ತಟ್ಟೆ ಬಂತು ಅಂದರೆ ಊರೂರಿಗೆ ಹೆಸರು ಹೋಯ್ತು ಅಂತಲೇ ಅರ್ಥ. ಕಛೇರಿಗಳಿದ್ದವು, ಆದಾಯವಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸೆಟಲ್ ಆಗಿದ್ದ ಹುಡುಗ. "ನಿಮಗೆ ಯಾವುದು ಇಷ್ಟವೋ ಅದನ್ನೇ ಮಾಡಿ, ದಾರಿ ಸಿಗುತ್ತೆ" ಅಂತ ಇವತ್ತು ಭಾಷಣ ಮಾಡುವವರು ಬಹಳ ಜನ. ಈ ಹುಡುಗ ಇಷ್ಟವಾದದ್ದನ್ನೇ ಮಾಡುತ್ತಿದ್ದ, ಅದರಲ್ಲೇ ಹೆಸರೂ ಮಾಡಿದ್ದ. ಆದರೂ ಅದು ಸಾಲಲಿಲ್ಲ.

ಯಾಕೆ ಸಾಲಲಿಲ್ಲ ಅನ್ನೋದಕ್ಕೆ ಇನ್ನೊಬ್ಬರ ಕಥೆಗೆ ಹೋಗಬೇಕು.

ಉಸ್ತಾದ್ ಅಲ್ಲಾದಿಯಾ ಖಾನ್. ರಾಜಸ್ಥಾನದ ಉಣಿಯಾರಾದಲ್ಲಿ 1855ರಲ್ಲಿ ಹುಟ್ಟಿದವರು. ಯೌವನದಲ್ಲಿ ಅವರದು ಎಲ್ಲರೂ ಮರುಳಾಗುವ ಕಂಠ. ಆಮ್ಲೇಟಾ ಅನ್ನೋ ಒಂದು ಸಣ್ಣ ಸಂಸ್ಥಾನದಲ್ಲಿ (ಹೆಸರು ಕೇಳಿ ನಗಬೇಡಿ, ಊರು ನಿಜವಾಗಿಯೂ ಇದೆ) ಅಲ್ಲಿನ ದೊರೆಗೆ ಇವರ ಹಾಡು ಎಷ್ಟು ಹಿಡಿಸಿತೆಂದರೆ, ಬಿಡುವೇ ಇಲ್ಲದೆ ಹಾಡಿಸಿದ. ಹಾಡಿ ಹಾಡಿ ದನಿ ಬಿದ್ದುಹೋಯಿತು. ಚೇತರಿಸಿಕೊಂಡಾಗ ಗಂಟಲಿನಲ್ಲಿ ಹಳೆಯ ಕಾಂತಿ ಇರಲಿಲ್ಲ. ಗಾಯಕನಿಗೆ ದನಿ ಹೋಯಿತು ಅಂದರೆ ರೈತನಿಗೆ ಹೊಲ ಹೋದ ಹಾಗೆ.

ಅವರು ಹಾಡುವುದನ್ನು ಬಿಡಲಿಲ್ಲ. ಹಾಡುವ ರೀತಿಯನ್ನೇ ಬದಲಿಸಿದರು. ಉಳಿದ ದನಿಯಲ್ಲಿ ಏನು ಸಾಧ್ಯವೋ ಅದರ ಮೇಲೆ ಹೊಸ ಗಾಯಕಿ ಕಟ್ಟಿದರು. ನೇರವಾಗಿ ಓಡುವ ತಾನಿನ ಬದಲು ಸುತ್ತಿ ಬಳಸಿ ಬರುವ ವಕ್ರ ತಾನು, ಉಸಿರಿನ ಮೇಲೆ ಬಿಗಿ ಹಿಡಿತ, ಲಯದ ಜೊತೆ ಎಳೆ ಕಡಿಯದ ನೇಯ್ಗೆ, ಹೆಚ್ಚು ಜನ ಮುಟ್ಟದ ಅಪರೂಪದ ರಾಗಗಳು. ಇದೇ ಮುಂದೆ ಜೈಪುರ-ಅತ್ರೌಲಿ ಘರಾಣೆ ಅನಿಸಿಕೊಂಡಿತು. ಶಾಹೂ ಮಹಾರಾಜರ ಕಾಲದಲ್ಲಿ ಕೊಲ್ಹಾಪುರದ ಆಸ್ಥಾನ ಗಾಯಕರಾಗಿದ್ದ ಖಾನ್ ಸಾಹೇಬರು, 1922ರಲ್ಲಿ ಮಹಾರಾಜರು ತೀರಿಕೊಂಡ ಮೇಲೆ ಮುಂಬೈಗೆ ಬಂದು ನೆಲೆಸಿದರು. ಕೇಸರಬಾಯಿ ಕೇರ್ಕರ್, ಮೋಗೂಬಾಯಿ ಕುರ್ಡಿಕರ್ ಇವರ ಶಿಷ್ಯೆಯರೇ.

ಅಂದರೆ ದೇಶದ ಅತ್ಯಂತ ಕಷ್ಟದ ಗಾಯನ ಶೈಲಿಗಳಲ್ಲಿ ಒಂದು ಹುಟ್ಟಿದ್ದು ಒಬ್ಬ ಮನುಷ್ಯ ತನ್ನ ಮೊದಲ ದಾರಿ ಕಳೆದುಕೊಂಡದ್ದರಿಂದ. ಆ ಮನೆಯ ಬಾಗಿಲಿಗೇ ನಮ್ಮ ಮನ್ಸೂರರು ಬಂದು ನಿಂತರು.

1935ರ ಸುಮಾರು. ಮುಂಬೈಯಲ್ಲಿ ಅವರನ್ನು ಖಾನ್ ಸಾಹೇಬರಿಗೆ ಪರಿಚಯಿಸಿದವರು ವಿಷ್ಣುಪಂತ ಪಾಗನೀಸ್. ಪುಣೆಯವರಿಗೆ ಈ ಹೆಸರು ಗೊತ್ತಿರಬಹುದು: ಮರುವರ್ಷ ಪ್ರಭಾತ್ ಕಂಪನಿಯ 'ಸಂತ ತುಕಾರಾಮ' ಚಿತ್ರದಲ್ಲಿ ತುಕಾರಾಮರಾದವರು ಇವರೇ. ಖಾನ್ ಸಾಹೇಬರಿಗೆ ಆಗ 80ರ ವಯಸ್ಸು. ಅವರು ಈ ಯುವಕನನ್ನು ತಮ್ಮ ಮಗ ಮಂಜೀಖಾನರ ಕಡೆ ಕಳಿಸಿದರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ತಟ್ಟೆ ಕೊಟ್ಟ ಗಾಯಕ. ವಯಸ್ಸು 25ರ ಆಸುಪಾಸು. ಕೈಯಲ್ಲಿರೋದು ಗ್ವಾಲಿಯರ್ ಶೈಲಿ, ಅದಕ್ಕೇ ಜನ ಚಪ್ಪಾಳೆ ತಟ್ಟಿದ್ದಾರೆ. ಈಗ ಬೇರೆ ಘರಾಣೆಯ ಗುರುವಿನ ಮುಂದೆ ಕೂತು, ಬರುತ್ತಿದ್ದ ರಾಗವನ್ನೂ ಹೊಸದಾಗಿ ಕಲಿಯಬೇಕು. ಗಂಟಲಿಗೆ ರೂಢಿಯಾದದ್ದನ್ನು ಬಿಡಿಸುವುದು ಏನೂ ಬಾರದವನಿಗೆ ಕಲಿಸುವುದಕ್ಕಿಂತ ಕಷ್ಟ. ಕೋಡ್ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸದಾಗಿ ಬರೆಯುವುದು ಸುಲಭ, ಓಡುತ್ತಿರುವ ಹಳೆಯದನ್ನು ತಿದ್ದುವಾಗ ಗೊತ್ತಾಗುತ್ತದೆ.

ಎರಡು ವರ್ಷದಲ್ಲಿ ಇನ್ನೊಂದು ಪೆಟ್ಟು. 1937ರಲ್ಲಿ ಮಂಜೀಖಾನರು ತೀರಿಕೊಂಡರು.

ಮನ್ಸೂರರ ಬದುಕಿನಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ವರ್ಷ ಇದು. ಪದ್ಮ ಪ್ರಶಸ್ತಿ ಬಂದ ಯಾವ ವರ್ಷವೂ ಅಲ್ಲ. ಹಳೆಯ ದಾರಿ ಬಿಟ್ಟಾಗಿದೆ, ಹೊಸ ದಾರಿ ಅರ್ಧಕ್ಕೆ ನಿಂತಿದೆ. ಹಿಂದಕ್ಕೆ ಹೋಗಿ ಮೊದಲಿನಂತೆ ಹಾಡಿದ್ದರೆ ಯಾರೂ ಬೈಯುತ್ತಿರಲಿಲ್ಲ. ಕೇಳುವ ಜನ ಇದ್ದೇ ಇದ್ದರು, ಸಂಸಾರ ನಡೆಯುತ್ತಿತ್ತು. ಅವರು ಮಂಜೀಖಾನರ ತಮ್ಮ ಭುರ್ಜಿಖಾನರ ಮುಂದೆ ಹೋಗಿ ಕೂತರು. ಮತ್ತೊಮ್ಮೆ ಶಿಷ್ಯ.

ಇಷ್ಟಾದ ಮೇಲೆ ದೊಡ್ಡ ಯಶಸ್ಸು ಓಡಿ ಬಂತಾ? ಇಲ್ಲ. ಇದನ್ನು ಸಿನಿಮಾ ಮಾಡಿದರೆ ಮುಂದಿನ ದೃಶ್ಯದಲ್ಲೇ ತುಂಬಿದ ಸಭೆ ತೋರಿಸುತ್ತಾರೆ. ನಿಜದಲ್ಲಿ ಮನ್ಸೂರರು ಧಾರವಾಡದಲ್ಲಿ ಇದ್ದರು, ಹಾಡಿದರು, ವಚನಗಳಿಗೆ ರಾಗ ಹಾಕಿದರು, ಮುರುಘಾಮಠಕ್ಕೆ ನಡೆದುಕೊಂಡರು, ಆಕಾಶವಾಣಿ ಧಾರವಾಡ ಕೇಂದ್ರಕ್ಕೆ ಸಂಗೀತ ಸಲಹೆಗಾರರಾದರು. ಪದ್ಮಶ್ರೀ ಬಂದದ್ದು 1970ರಲ್ಲಿ, ಆಗ ವಯಸ್ಸು 60 ಮುಟ್ಟುತ್ತಿತ್ತು. 1971ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಅದೇ 1992ರ ಸೆಪ್ಟೆಂಬರಿನಲ್ಲಿ ಹೋಗಿಬಿಟ್ಟರು. ಮಂಜೀಖಾನರ ಮುಂದೆ ಕೂತ ದಿನದಿಂದ ಮೊದಲ ಪದ್ಮ ಪ್ರಶಸ್ತಿವರೆಗೆ ಲೆಕ್ಕ ಹಾಕಿ: 35 ವರ್ಷ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅವರ ಬೆನ್ನಿಗೆ ಅಣ್ಣ ಇದ್ದರು, ಕಂಠ ಇತ್ತು, ಪರಿಚಯ ಮಾಡಿಕೊಡುವ ಪಾಗನೀಸ್ ಇದ್ದರು. ಎಲ್ಲರಿಗೂ ಇದು ಇರೋದಿಲ್ಲ. ಸಂಬಳ ನಿಂತರೆ ಮೂರು ತಿಂಗಳೂ ತಾಳದ ಮನೆಗಳು ನಮ್ಮಲ್ಲಿ ಬಹಳ ಇವೆ. ನಾನು ಯಾರಿಗೂ ರಾಜೀನಾಮೆ ಕೊಡಿ ಅಂತಿಲ್ಲ. ಮನ್ಸೂರರು ಕೂಡ ಹಾಡುವ ಕೆಲಸ ಬಿಡಲಿಲ್ಲ ನೋಡಿ. ಯಾರ ಮುಂದೆ ಕೂರಬೇಕು ಅನ್ನೋದನ್ನಷ್ಟೇ ಬದಲಿಸಿದರು. "ನನ್ನ ಜೀವನದ ಗುರಿ ಏನು" ಅಂತ ಕಣ್ಣು ಮುಚ್ಚಿ ಕೂತು ಯೋಚಿಸಿದ್ದರೆ ಅದು ಸಿಗುತ್ತಿತ್ತೋ ಇಲ್ಲವೋ. ತನಗಿಂತ ಚೆನ್ನಾಗಿರುವ ಒಂದು ಹಾಡುಗಾರಿಕೆ ಕಿವಿಗೆ ಬಿದ್ದದ್ದು, ಅದನ್ನು ಅಲ್ಲಗಳೆಯದೆ ಇದ್ದದ್ದು, ಅವರಿಗೆ ದಿಕ್ಕಾಯಿತು ಅಂತ ನನಗನಿಸುತ್ತೆ.

ಗೆಳೆಯ ಆ ವಾರಾಂತ್ಯ ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟಿದ್ದ. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಧಾರವಾಡ. ಮನ್ಸೂರರು ಎಷ್ಟು ಸಲ ಓಡಾಡಿದ ಸೀಮೆಯೋ ಅದು. ಎರಡು ಧ್ವನಿಮುದ್ರಣ ಕೇಳು ಅಂದೆ: ಹಳೆಯ ಮೂರು ನಿಮಿಷದ ತಟ್ಟೆ ಒಂದು, ಮುಪ್ಪಿನಲ್ಲಿ ಹಾಡಿದ ಶುದ್ಧ ನಟ್ ಅಥವಾ ಶಿವಮತ ಭೈರವ ಒಂದು. ಬೆಳಿಗ್ಗೆ ಧಾರವಾಡ ದಾಟುವಾಗ ಮೆಸೇಜ್ ಬಂತು: "ಇಬ್ಬರೂ ಒಬ್ಬರ ಹೌದೇನು?"

ಹೌದು ಅಂತ ಉತ್ತರ ಕಳಿಸಿದೆ. ಆ ತಂಡಕ್ಕೆ ಹೋಗುವ ವಿಷಯ ಅವನು ಇನ್ನೂ ಏನೂ ಹೇಳಿಲ್ಲ. ನಾನೂ ಕೇಳಿಲ್ಲ.