ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದ ನಡಿಗೆ

2025ರ ಜೂನ್‌ನಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಕುರಿತ ‘ಚಾಲೆಂಜ್’ ಅಧ್ಯಯನ ಹೊರಬಂದದ್ದೇ ತಡ, ‘ವ್ಯಾಯಾಮ ಔಷಧಿಗಿಂತ ಮೇಲು’ ಎಂಬ ಮಾತು ವಾಟ್ಸಾಪ್ ತುಂಬ ಹರಿದಾಡಿತು. ಅಧ್ಯಯನ ಹಾಗೆ ಹೇಳಿಲ್ಲ. ಅದರಲ್ಲಿದ್ದ 889 ಮಂದಿಯೂ ಆಪರೇಷನ್, ಕೀಮೋ ಎರಡನ್ನೂ ಮುಗಿಸಿದ್ದವರು. ಆಮೇಲೆ ಮೂರು ವರ್ಷ ತಜ್ಞರ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷಕ್ಕೆ ಬದುಕಿದ್ದವರು ಶೇ 90.3, ಬರೀ ಆರೋಗ್ಯದ ಪುಸ್ತಿಕೆ ಪಡೆದವರಲ್ಲಿ ಶೇ 83.2. ಪೂರ್ತಿ ಚಿಕಿತ್ಸೆಯ ಮೇಲೆ ದಕ್ಕಿದ ಹೆಚ್ಚುವರಿ ಲಾಭ ಇದು. ಇದನ್ನು ಓದಿ ಕೀಮೋ ಬಿಡುವವರಿದ್ದರೆ ದಯವಿಟ್ಟು ತಡೆಯಿರಿ.

ಈ ದಾರಿ ಹೊಸದಲ್ಲ. ಕ್ಯಾನ್ಸರ್ ಎಂದರೆ ಮಲಗುವುದೇ ಮದ್ದು ಎನ್ನುತ್ತಿದ್ದ 1980ರ ದಶಕದಲ್ಲಿ ಅಮೆರಿಕದ ಒಹಾಯೊದಲ್ಲಿ ಸಂಶೋಧಕಿ ಮೆರಿಲ್ ವಿನ್ನಿಂಗ್‌ಹ್ಯಾಮ್ ಕೀಮೋ ಪಡೆಯುತ್ತಿದ್ದ ಮಹಿಳೆಯರಿಂದ ಸೈಕಲ್ ತುಳಿಸಿದರು. 1996ರಲ್ಲಿ ಕೆನಡಾದ ವೈದ್ಯ ಡಾನ್ ಮೆಕೆಂಜಿ ಸ್ತನ ಕ್ಯಾನ್ಸರ್ ಆದವರ ಕೈಗೆ ದೋಣಿಯ ಹುಟ್ಟು ಕೊಟ್ಟರು. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಭಾರ ಎತ್ತಿದರೆ ಆ ಬದಿಯ ಕೈಬಾವು ಹೆಚ್ಚುತ್ತದೆಂಬ ಭಯ ಸುಳ್ಳೆಂದು 2009ರಲ್ಲಿ ಸಂಶೋಧಕಿ ಕ್ಯಾಥರಿನ್ ಶ್ಮಿಟ್ಜ್ ತೋರಿಸಿಕೊಟ್ಟರು. ಇಷ್ಟಾದರೂ ನಾವಿನ್ನೂ ‘ಆ ಕೈಲಿ ಕೊಡ ಎತ್ತಬೇಡಮ್ಮ’ ಎಂದೇ ಹೇಳಿ ಕಳಿಸುತ್ತೇವೆ.

ನಮ್ಮಲ್ಲಿ ಯೋಗ ಮೊದಲು ಬಂತು. ಯೋಗ ಸಂಶೋಧಕರಾದ ಎಚ್.ಆರ್. ನಾಗೇಂದ್ರ, ಆರ್. ನಾಗರತ್ನ ಅವರ ಬಳಗದವರು ಬೆಂಗಳೂರಿನ ಕ್ಯಾನ್ಸರ್ ತಜ್ಞರೊಡನೆ ಸೇರಿ, ಕೀಮೋದ ವಾಕರಿಕೆ ಯೋಗದಿಂದ ತಗ್ಗುವುದನ್ನು 2007ರಲ್ಲಿ ಪ್ರಕಟಿಸಿದರು. ಬೆಲೆಯುಳ್ಳ ಕೆಲಸ. ಆದರೆ ವಾಕರಿಕೆ ತಗ್ಗುವುದು ಬೇರೆ, ಕರಗಿಹೋದ ತೊಡೆಯ ಸ್ನಾಯು ಮರಳಿ ಬರುವುದು ಬೇರೆ.

ಎರಡನೆಯದನ್ನು ಕೈಗೆತ್ತಿಕೊಂಡದ್ದು ಮಣಿಪಾಲದ ಫಿಸಿಯೋಥೆರಪಿ ತಜ್ಞರು. ಸ್ಟೀಫನ್ ಸ್ಯಾಮ್ಯುಯೆಲ್, ಅರುಣ್ ಮಯ್ಯ ಮತ್ತವರ ಜೊತೆಗಾರರು ಆರಿಸಿಕೊಂಡದ್ದು ಹೊಗೆಸೊಪ್ಪು ಜಗಿಯುವ ನಾಡಿನ ಕಾಯಿಲೆಯನ್ನೇ: ತಲೆ ಮತ್ತು ಕತ್ತಿನ ಕ್ಯಾನ್ಸರ್. ರೇಡಿಯೇಷನ್ ಮೂರನೇ ವಾರಕ್ಕೆ ಬರುವಷ್ಟರಲ್ಲಿ ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯದು, ಮೈ ಇಳಿಯುತ್ತ ಹೋಗುತ್ತದೆ. ಅಂಥ ಹೊತ್ತಿನಲ್ಲೇ ರೋಗಿಗಳನ್ನು ನಡೆಸಿದರು, ಕೈಕಾಲಿಗೆ ಬಲ ಬರುವ ವ್ಯಾಯಾಮ ಮಾಡಿಸಿದರು. ಫಲ ಅಳೆದದ್ದು ಆರು ನಿಮಿಷದಲ್ಲಿ ನಡೆದ ದೂರದಿಂದ. ಇದಕ್ಕೆ ಬೇಕಾದ್ದು ಒಂದು ಉದ್ದ ಕಾರಿಡಾರ್, ಎರಡು ತುದಿಗೆ ಎರಡು ಗುರುತು, ಒಂದು ಗಡಿಯಾರ. ಸುಸ್ತಾದರೆ ಗೋಡೆಗೊರಗಿ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲದು. 2013ರಲ್ಲಿ ಪ್ರಕಟವಾದ ಫಲಿತಾಂಶ: ಆರು ವಾರದಲ್ಲಿ ವ್ಯಾಯಾಮ ಮಾಡಿದವರ ದೂರ 42 ಮೀಟರ್ ಹೆಚ್ಚಿತು, ಮಾಡದವರದು 96 ಮೀಟರ್ ಕುಸಿಯಿತು. 48 ಮಂದಿಯ ಚಿಕ್ಕ ಅಧ್ಯಯನ, ನಿಜ. 2019ರಲ್ಲಿ 148 ಮಂದಿಯ ಮೇಲೆ ಮಾಡಿದಾಗಲೂ ಫಲ ಅದೇ ದಿಕ್ಕಿನಲ್ಲಿತ್ತು. ನಮ್ಮ ತಲೆಮಾರಿನ ಫಿಸಿಯೋಥೆರಪಿಯಲ್ಲಿ ಇದಕ್ಕಿಂತ ನಮ್ಮ ರೋಗಿಗಳಿಗೆ ಹತ್ತಿರವಾದ ಕೆಲಸವನ್ನು ನಾನು ಕಂಡಿಲ್ಲ.

ಆದರೆ ಆ ಕಾರಿಡಾರ್ ಆಸ್ಪತ್ರೆಯಲ್ಲೇ ಉಳಿಯಿತು. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ ಬಸ್ಸು ಹತ್ತಿದರೆ, ಕೈಲಿರುವ ಚೀಟಿಯಲ್ಲಿ ಮಾತ್ರೆ ಇರುತ್ತದೆ, ಮುಂದಿನ ತಾರೀಕು ಇರುತ್ತದೆ. ಎಷ್ಟು ನಡೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದಿಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದವರು, ರಕ್ತ ತೀರಾ ಕಡಿಮೆಯಾದವರು ಯಾರನ್ನು ಕೇಳಬೇಕು? ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕಳೆ ತೆಗೆಯುವ ಹೆಂಗಸಿಗೆ ಆ ದುಡಿಮೆಯೇ ವ್ಯಾಯಾಮವಾದೀತೆ, ಇಲ್ಲ ಅದು ಬರೀ ದಣಿವೇ? ನಗರದ ಜಿಮ್‌ಗಳಲ್ಲಿ ನಡೆದ ಅಧ್ಯಯನಗಳಿಂದ ಇದು ತಿಳಿಯದು. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರ ಈಗಾಗಲೇ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ವಹಿಸಿದೆ. ಪತ್ತೆ ಹಚ್ಚುವ ಆ ಕೇಂದ್ರದ ಅಂಗಳದಲ್ಲೇ, ಚಿಕಿತ್ಸೆ ಮುಗಿಸಿ ಬಂದವರನ್ನು ತಿಂಗಳಿಗೊಮ್ಮೆ ಆರು ನಿಮಿಷ ನಡೆಸಿ ಬರೆದಿಡಬಹುದು. ಮುಂದಿನ ಅಧ್ಯಯನ ಅಲ್ಲಿಂದಲೇ ಶುರುವಾಗಲಿ.