ಬಿಡದ ಕೊಂಡಿ, ಬಿಡುವ ಕೊಂಡಿ

ಸೊಂಟಕ್ಕೆ ಪಟ್ಟಿ ಕಟ್ಟಲು ಮನುಷ್ಯ ಕಲಿತ ದಿನದಿಂದಲೂ ಒಂದು ಚಿಂತೆ ಅವನ ಬೆನ್ನು ಬಿಟ್ಟಿಲ್ಲ: ಕಟ್ಟಿದ್ದು ಬಿಚ್ಚಿಹೋದರೆ? ಸಡಿಲವಾಗಿ ಗಂಟು ಹಾಕಿದರೆ ಜಾರುತ್ತದೆ; ಜಾರಬಾರದೆಂದು ಬಿಗಿದರೆ ಬೇಕಾದ ಹೊತ್ತಿಗೆ ಬಿಚ್ಚುವುದಿಲ್ಲ. ಕೊಂಡಿ ಅಥವಾ ಬಕಲ್ಲು ಎಂಬ ಅಂಗೈಯಗಲದ ವಸ್ತುವಿನ ಇತಿಹಾಸವೆಲ್ಲ ಈ ಎರಡು ಬೇಡಿಕೆಗಳ ನಡುವಿನ ಜಗಳವೇ ಆಗಿದೆ. ಅದು ತಾನಾಗಿ ಬಿಡಬಾರದು. ನಾವು ಬಿಡು ಎಂದಾಗ ಬಿಡದೆ ಇರಲೂಬಾರದು. ಮೊದಲನೆಯದನ್ನು ಸಾಧಿಸುವುದು ಸುಲಭ. ಎರಡನ್ನೂ ಒಟ್ಟಿಗೆ ಸಾಧಿಸುವುದಕ್ಕೆ ಮನುಷ್ಯನಿಗೆ ಬಹುಕಾಲ ಹಿಡಿಯಿತು.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹೆಂಗಸರ ಒಡವೆಯ ಪೆಟ್ಟಿಗೆಯಲ್ಲೇ ಒಂದು ಉತ್ತಮ ನಿದರ್ಶನವಿದೆ. ನಾವು ಡಾಬು ಅಥವಾ ಒಡ್ಯಾಣವೆಂದೂ, ಇಲ್ಲಿನ ತಮಿಳರು ಒಟ್ಟಿಯಾಣಂ ಎಂದೂ ಕರೆಯುವ ಸೊಂಟದ ಪಟ್ಟಿಯನ್ನು ನೋಡಿ. ಹಳೆಯ ಬೆಳ್ಳಿಯ ಡಾಬುಗಳಲ್ಲಿ ಎರಡು ತುದಿಗಳ ಬಳೆಗಳು ಒಂದರೊಳಗೊಂದು ಕೂಡಿದ ಮೇಲೆ ಅವುಗಳ ನಡುವೆ ತಿರುಪಿನ ಮೊಳೆಯೊಂದನ್ನು ಇಳಿಸುವ ಕ್ರಮವುಂಟು. ಕಿವಿಯ ಓಲೆಗೂ ಇದೇ ತಿರುಪು. ತಿರುಪನ್ನು ನೇರವಾಗಿ ಎಷ್ಟು ಎಳೆದರೂ ಅದು ಬರುವುದಿಲ್ಲ. ಇಳಿಜಾರು ಬಹಳ ಕಡಿಮೆಯಿರುವ ಹಾದಿಯಲ್ಲಿ ಇಟ್ಟ ಕಲ್ಲು ಜಾರದೆ ನಿಲ್ಲುವಂತೆ, ತಿರುಪಿನ ಸುರುಳಿಯೂ ಘರ್ಷಣೆಯ ಬಲದಿಂದ ನಿಲ್ಲುತ್ತದೆ. ಮೊದಲು ತಿರುಗಿಸಬೇಕು, ಆಮೇಲೆ ಎಳೆಯಬೇಕು. ಬೇರೆ ಬೇರೆ ದಿಕ್ಕಿನ ಈ ಎರಡು ಕ್ರಿಯೆಗಳು ಆಕಸ್ಮಿಕವಾಗಿ ಒಟ್ಟಿಗೆ ಒದಗುವುದು ಅಪರೂಪ. ಚಿನ್ನಬೆಳ್ಳಿಯ ಕೆಲಸದವರು ಕೈಯಿಂದ ಕಂಡುಕೊಂಡಿದ್ದ ಈ ತತ್ತ್ವವೇ ಮುಂದೆ ವಿಮಾನಗಳ ಯುಗದಲ್ಲಿ ಬೇರೊಂದು ರೂಪದಲ್ಲಿ ಬಂದಿತು.

ಗಂಡಸರ ಚರ್ಮದ ಬೆಲ್ಟಿನ ಬಕಲ್ಲಿನದು ಇನ್ನೊಂದು ಉಪಾಯ. ಚೌಕಟ್ಟು, ಅದರ ಮೇಲೆ ಆಡುವ ಮುಳ್ಳು, ಪಟ್ಟಿಯಲ್ಲಿ ಸಾಲುತೂತು, ಇಷ್ಟೇ. ರೋಮನ್ ಸೈನಿಕರೂ ಇಂಥದನ್ನೇ ಧರಿಸುತ್ತಿದ್ದರು. ಇಲ್ಲಿ ಎಳೆತವೇ ಬೀಗ. ಪಟ್ಟಿ ಬಿಗಿಯಾದಷ್ಟೂ ಮುಳ್ಳು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ಬಿಚ್ಚಬೇಕಾದರೆ ಮೊದಲು ಇನ್ನಷ್ಟು ಬಿಗಿಯಬೇಕು. ಪೇದೆಯ ಸೊಂಟಕ್ಕೂ ಗುಮಾಸ್ತೆಯ ಸೊಂಟಕ್ಕೂ ಇದು ಸಾಕು. ಆದರೆ ಪಟ್ಟಿಯ ಮೇಲೆ ಮನುಷ್ಯನ ಪೂರ್ತಿ ಭಾರವೇ ಬಿದ್ದಿರುವಾಗ ಅದನ್ನು ಇನ್ನಷ್ಟು ಬಿಗಿಯಲು ಯಾರಿಂದಾದೀತು? ಪ್ರಾಣಸಂಕಟದಲ್ಲಿ ಈ ಬಕಲ್ಲು ಬಿಡುವುದಿಲ್ಲ.

ಈ ಕೊರತೆ ಎದ್ದು ಕಂಡದ್ದು ಮನುಷ್ಯ ಆಕಾಶಕ್ಕೆ ಹಾರಿದ ಮೇಲೆ. 1910ರಲ್ಲಿ ಅಮೆರಿಕದ ಸೈನ್ಯಾಧಿಕಾರಿ ಬೆಂಜಮಿನ್ ಫುಲಾಯ್ಸ್ ಎಂಬಾತ ರೈಟ್ ಸಹೋದರರ ವಿಮಾನದಿಂದ ಹೊರಕ್ಕೆ ಎಸೆಯಲ್ಪಡುವ ಭಯದಿಂದ, ಕುದುರೆಯ ಜೀನು ಹೊಲಿಯುವವರ ಕೈಯಲ್ಲಿ ಚರ್ಮದ ಪಟ್ಟಿಯೊಂದನ್ನು ಮಾಡಿಸಿ ತನ್ನನ್ನು ಆಸನಕ್ಕೆ ಕಟ್ಟಿಕೊಂಡ. ಪ್ಯಾರಾಷೂಟು ಬಂದಾಗ ಸಮಸ್ಯೆ ಇಮ್ಮಡಿಯಾಯಿತು. ಆಕಾಶದಲ್ಲಿ ಕೊಂಡಿ ಬಿಟ್ಟರೆ ಸಾವು. ನೀರಿಗೆ ಬಿದ್ದ ಮೇಲೆ, ಅಥವಾ ನೆಲದಲ್ಲಿ ಗಾಳಿ ಎಳೆದೊಯ್ಯುವಾಗ, ಬಿಡದಿದ್ದರೂ ಸಾವು. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ವಿಮಾನ ಚಾಲಕರ ಎದೆಯ ಮೇಲೆ ಇದಕ್ಕಾಗಿ ಒಂದು ದುಂಡನೆಯ ಪೆಟ್ಟಿಗೆಯಿರುತ್ತಿತ್ತು. ಅದರ ಬಿಲ್ಲೆಯನ್ನು ಕಾಲುಸುತ್ತು ತಿರುಗಿಸಿ, ಅನಂತರ ಅಂಗೈಯಿಂದ ಗುದ್ದಿದರೆ ಪಟ್ಟಿಗಳೆಲ್ಲ ಒಮ್ಮೆಗೇ ಬಿಡುತ್ತಿದ್ದವು. ಬರಿಯ ತಿರುಗಿಸಿದರೆ ಬಿಡದು, ಬರಿಯ ಗುದ್ದಿದರೂ ಬಿಡದು. ನಮ್ಮ ಡಾಬಿನ ತಿರುಪಿಗೂ ಇದಕ್ಕೂ ನೆಂಟಸ್ತನ ಕಾಣುವುದಿಲ್ಲವೇ?

ಪ್ರಯಾಣಿಕರ ವಿಮಾನದಲ್ಲಿ ಗುಂಡಿ ಒತ್ತುವ ಬದಲು ಮುಚ್ಚಳವನ್ನು ಮೇಲಕ್ಕೆತ್ತುವ ಕೊಂಡಿಯಿರುವುದನ್ನು ಓದುಗರು ಗಮನಿಸಿರಬಹುದು. ಹೊಟ್ಟೆಯ ಮೇಲೆ ಇರುವ ಗುಂಡಿಯನ್ನು ಮೊಣಕೈಯೋ ಮಡಿಲಿನ ಚೀಲವೋ ಒತ್ತಿಬಿಡಬಹುದು. ಮುಚ್ಚಳವನ್ನು ಎತ್ತಲು ಬೆರಳುಗಳೇ ಬೇಕು. ಆದರೆ ಕಾರಿನ ಅಭ್ಯಾಸವಿದ್ದವರ ಕೈ ಗಾಬರಿಯಲ್ಲಿ ಗುಂಡಿಯನ್ನೇ ಹುಡುಕುತ್ತದೆ. ಗಗನಸಖಿಯರು ಪ್ರತಿಸಲವೂ ಕೊಂಡಿ ತೆಗೆಯುವ ಬಗೆಯನ್ನು ತೋರಿಸುವುದು ಸುಮ್ಮನೆ ಅಲ್ಲ.

ಇನ್ನು ಕಾರಿಗೆ ಬರೋಣ. ಕಾರಿನ ಕಥೆಯಲ್ಲಿ ನಮ್ಮ ಈ ಊರಿಗೂ ಪಾಲುಂಟು. 1903ರಲ್ಲಿ ಮದರಾಸಿನ ಸಿಂಪ್ಸನ್ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಹಬೆಯಿಂದ ಓಡುವ ಕಾರೊಂದನ್ನು ಇಲ್ಲಿಯೇ ನಿರ್ಮಿಸಿದ. ಆದರೆ ಕಾರಿನಲ್ಲಿ ಕೂತವನನ್ನು ಕಟ್ಟಿ ಕೂರಿಸಬೇಕೆಂಬ ಯೋಚನೆ ಜಗತ್ತಿನಲ್ಲೆಲ್ಲ ಬಲು ನಿಧಾನವಾಗಿ ಬಂದಿತು. 1955ರಲ್ಲಿ ಅಮೆರಿಕದ ಗ್ರಿಸ್‌ವಾಲ್ಡ್ ಮತ್ತು ಡಿ ಹೇವನ್ ಎಂಬುವರಿಗೆ ಸೊಂಟ, ಭುಜ ಎರಡನ್ನೂ ಹಿಡಿಯುವ ಬೆಲ್ಟಿಗೆ ಪೇಟೆಂಟು ಸಿಕ್ಕಿತು. ನಾವು ಇಂದು ಕಾಣುವ ರೂಪವನ್ನು ಕೊಟ್ಟವನು ಸ್ವೀಡನ್ನಿನ ನಿಲ್ಸ್ ಬೋಲಿನ್. ಯುದ್ಧವಿಮಾನಗಳಿಂದ ಚಾಲಕನನ್ನು ಹೊರಕ್ಕೆ ಚಿಮ್ಮಿಸುವ ಆಸನಗಳ ಮೇಲೆ ಸಾಬ್ ಕಂಪನಿಯಲ್ಲಿ ದುಡಿದಿದ್ದ ಆತ 1958ರಲ್ಲಿ ವೋಲ್ವೊ ಸೇರಿದ. ಮರುವರ್ಷವೇ, 1959ರಲ್ಲಿ, ಅವನ ಬೆಲ್ಟು ಕಾರುಗಳಿಗೆ ಬಂದಿತು. ಕೊಂಡಿಯನ್ನು ಮೆತ್ತನೆಯ ಹೊಟ್ಟೆಯ ಮೇಲಿಡದೆ ಸೊಂಟದ ಪಕ್ಕಕ್ಕೆ ಇಳಿಸಿದ್ದು, ಒಂದೇ ಕೈಯಲ್ಲಿ ಹಾಕಿ ತೆಗೆಯುವಂತೆ ಮಾಡಿದ್ದು ಅವನ ಹೆಚ್ಚುಗಾರಿಕೆ. ವೋಲ್ವೊ ಕಂಪನಿ ಆ ಪೇಟೆಂಟನ್ನು ಇತರ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು.

ಆ ಸಣ್ಣ ಕೊಂಡಿ ಹೊರಬೇಕಾದ ಹೊರೆ ಎಷ್ಟೆಂಬುದನ್ನು ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 50 ಕಿಲೋಮೀಟರು ವೇಗದ ಕಾರು ಯಾವುದಕ್ಕೋ ಬಡಿದು, ಒಳಗಿರುವ 60 ಕಿಲೋ ತೂಕದ ಮನುಷ್ಯ ಅರ್ಧ ಮೀಟರಿನೊಳಗೆ ನಿಂತನೆನ್ನಿ. ಅವನನ್ನು ತಡೆಯಲು ಅವನ ತೂಕದ ಸುಮಾರು 20 ಪಟ್ಟು, ಅಂದರೆ ಸುಮಾರು 1,200 ಕಿಲೋ ಭಾರಕ್ಕೆ ಸಮನಾದ ಬಲ ಬೇಕು. ಮಗುವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ ಎನ್ನುವ ತಾಯಂದಿರು ಇದೇ 20 ಪಟ್ಟಿನ ಲೆಕ್ಕವನ್ನು ಮಗುವಿನ ತೂಕಕ್ಕೂ ಹಾಕಿ ನೋಡಬೇಕು.

ಕೊಂಡಿಯ ಒಳಗೆ ಇರುವುದು ಒಂದು ಚಿಲಕ, ಒಂದೆರಡು ಸ್ಪ್ರಿಂಗು. ಉಕ್ಕಿನ ನಾಲಗೆ ಒಳಹೊಕ್ಕಾಗ ಅದರ ತೂತಿಗೆ ಚಿಲಕ ಬೀಳುತ್ತದೆ. ಪೂರ್ತಿ ಬೀಳದಿದ್ದರೆ ಸ್ಪ್ರಿಂಗು ನಾಲಗೆಯನ್ನು ಹೊರಕ್ಕೆ ತಳ್ಳುತ್ತದೆ. ಅರ್ಧ ಕೂತ ಕೊಂಡಿ ಹಾಕದ ಕೊಂಡಿಗಿಂತಲೂ ಅಪಾಯ, ಏಕೆಂದರೆ ಅದು ನಂಬಿಸಿ ಮೋಸ ಮಾಡುತ್ತದೆ. ಆದ್ದರಿಂದಲೇ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 16ನೆಯ ನಿಯಮ, ಕೊಂಡಿ ಅರೆಮುಚ್ಚಿದ ಸ್ಥಿತಿಯಲ್ಲಿ ನಿಲ್ಲಲೇಬಾರದು ಎನ್ನುತ್ತದೆ. 10 ನ್ಯೂಟನ್‌ಗಿಂತ, ಅಂದರೆ ಹೆಚ್ಚುಕಡಮೆ ಒಂದು ಕಿಲೋ ಭಾರಕ್ಕಿಂತ, ಕಡಿಮೆ ಒತ್ತಡಕ್ಕೆ ಅದು ಬಿಡಬಾರದು. ಅಪಘಾತದ ಪರೀಕ್ಷೆಯಾದ ಮೇಲೆ, ಪಟ್ಟಿಗೆ ಎಳೆತವಿರುವಾಗಲೂ, 60 ನ್ಯೂಟನ್‌ಗಿಂತ ಹೆಚ್ಚಿನ ಬಲವನ್ನು ಅದು ಕೇಳಬಾರದು. ಕಾರು ಮಗುಚಿ ಪ್ರಯಾಣಿಕ ತಲೆಕೆಳಗಾಗಿ ತೂಗುತ್ತಿದ್ದರೂ ಒಂದು ಹೆಬ್ಬೆರಳಿನಿಂದ ಅವನಿಗೆ ಬಿಡುಗಡೆಯಾಗಬೇಕು. ಗುಂಡಿ ಕೆಂಪಾಗಿರಬೇಕು; ಕೊಂಡಿಯಲ್ಲಿ ಬೇರೆಲ್ಲೂ ಆ ಬಣ್ಣವಿರಕೂಡದು. ಮೊದಲು ಹೇಳಿದ ಹಳೆಯ ಜಗಳಕ್ಕೆ ಕೊನೆಗೆ ಸಿಕ್ಕಿದ ರಾಜಿಸೂತ್ರ ಇದು. ಆದರೂ ಪರೀಕ್ಷೆ ಮುಗಿದಿಲ್ಲ. ಬೆನ್ನಿಗೆ ಬಲವಾಗಿ ಬಡಿದರೆ ಕೆಲವು ಕೊಂಡಿಗಳು ಬಿಟ್ಟುಕೊಳ್ಳುತ್ತವೆಯೆಂಬ ವಾದ 1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಎದ್ದಿತು. ಅಂಥ ಹೊಡೆತಕ್ಕೂ ಜಗ್ಗದಂತೆ ಚಿಲಕಕ್ಕೆ ಇನ್ನೊಂದು ತಡೆಯಿರುವ ಕೊಂಡಿಗಳೂ ಬಂದಿವೆ.

ನಮ್ಮ ದೇಶದಲ್ಲಿ ಕಾರಿನ ಮುಂದಿನ ಆಸನಗಳಿಗೆ ಬೆಲ್ಟು ಕಡ್ಡಾಯವಾದದ್ದು 1994ರಲ್ಲಿ. ಗ್ರೀನ್ ಮದರಾಸಿನಲ್ಲಿ ಕಾರು ಕಟ್ಟಿದ 91 ವರ್ಷಗಳ ಮೇಲೆ! 2019ರ ಸೆಪ್ಟೆಂಬರಿನಿಂದ ಬೆಲ್ಟು ಹಾಕದವರಿಗೆ 1,000 ರೂಪಾಯಿ ದಂಡ. ಅದೇ ವರ್ಷದ ಜುಲೈಯಿಂದ ಹೊಸ ಕಾರುಗಳಲ್ಲಿ ಮುಂದೆ ಕೂತವರನ್ನು ಎಚ್ಚರಿಸುವ ಗಂಟೆಯೂ ಕಡ್ಡಾಯವಾಯಿತು. ಇದಕ್ಕೆ ನಮ್ಮವರು ಕಂಡುಹಿಡಿದ ಉತ್ತರವೇನು ಗೊತ್ತೇ? ಬೆಲ್ಟಿಲ್ಲದ ಬರಿಯ ನಾಲಗೆ! ಅದನ್ನು ಕೊಂಡಿಗೆ ಸಿಕ್ಕಿಸಿದರೆ ಗಂಟೆ ಸುಮ್ಮನಾಗುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಅಂತರಜಾಲ ಮಾರಾಟ ಸಂಸ್ಥೆಗಳಿಗೆ ಆಜ್ಞೆ ಮಾಡಿ, ಇಂಥ ಸರಕಿನ 13,118 ಜಾಹೀರಾತುಗಳನ್ನು ತೆಗೆಸಿತು. ಅರ್ಧ ಕೂತರೂ ಮೋಸವೆಂದು ತಂತ್ರಜ್ಞರು ವರ್ಷಗಟ್ಟಲೆ ತಿದ್ದಿದ ಕೊಂಡಿಗೆ, ಪೂರ್ತಿ ಸುಳ್ಳನ್ನೇ ಸಿಕ್ಕಿಸಿ ಕೂರುವ ಜಾಣತನ ನಮ್ಮದು.

ಹಿಂದಿನ ಆಸನದ ಮಾತಂತೂ ಕೇಳಲೇಬೇಡಿ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡ ಅಪಘಾತದಲ್ಲಿ ಸತ್ತ ಇಬ್ಬರೂ ಹಿಂದೆ ಕೂತವರು, ಬೆಲ್ಟು ಹಾಕದವರು. ಮುಂದೆ ಇದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಬೆಲ್ಟು ಹಾಕದೆ ಆ ವರ್ಷ ದೇಶದಲ್ಲಿ ಸತ್ತವರು 16,715 ಮಂದಿಯೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 8,331 ಜನ ಚಾಲಕರಲ್ಲ, ಪ್ರಯಾಣಿಕರು.

ಹಬ್ಬಕ್ಕೋ ಮದುವೆಗೋ ಚೆನ್ನೈಯಿಂದ ವೆಲ್ಲೂರು, ಕೃಷ್ಣಗಿರಿ, ಹೊಸೂರಿನ ಹಾದಿಯಾಗಿ ಊರಿಗೆ ಹೊರಡುವ ನಮ್ಮವರ ಕಾರುಗಳಲ್ಲಿ ಹಿಂದೆ ಕೂರುವವರು ಸಾಮಾನ್ಯವಾಗಿ ಹೆಂಗಸರು, ಮಕ್ಕಳು, ಮುದುಕರು. ಸೀರೆ ಮುದುಡುತ್ತದೆ, ಉಸಿರು ಕಟ್ಟುತ್ತದೆ, ಹಿಂದೆ ಕೂತವರಿಗೇಕೆ ಎಂಬ ಮಾತುಗಳು ಅಲ್ಲಿಂದಲೇ ಬರುತ್ತವೆ. ಹಿಂದಿನ ಸೀಟಿನ ಕೊಂಡಿಗಳು ಎಷ್ಟೋ ಕಾರುಗಳಲ್ಲಿ ಮೆತ್ತೆಯ ಸಂದಿನಲ್ಲಿ ಹೂತುಹೋಗಿವೆ, ಇಲ್ಲವೆ ಹೊದಿಕೆಯ ಕೆಳಗೆ ಮುಚ್ಚಿಹೋಗಿವೆ. ಹೊರಡುವ ಹಿಂದಿನ ದಿನವೇ ಅವನ್ನು ಮೇಲಕ್ಕೆ ತೆಗೆದಿಡಿ. ಹಾಕುವುದು, ತೆಗೆಯುವುದು ಎರಡನ್ನೂ ಮನೆಯ ಹಿರಿಯರಿಗೆ ಒಮ್ಮೆ ತೋರಿಸಿಕೊಡಿ. ಕಾರು ಹೊರಡುವ ಮುನ್ನ ಕಟಕ್ ಎಂಬ ಸದ್ದು ಎಷ್ಟು ಸಲ ಕೇಳಿಸಿತೆಂದು ಎಣಿಸಿ. ಕೂತ ತಲೆಗಳ ಲೆಕ್ಕಕ್ಕೆ ಅದು ತಾಳೆಯಾಗಬೇಕು.